ಲೇನಿ ಹೈಸ್ಕೂಲಿನ ಎರಡನೇ ತಂಡ

ವಿಲ್ಮಿಂಗ್ಟನ್ ಎಂಬುದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಬಂದರು ಪಟ್ಟಣ. ಅಲ್ಲಿ ಎಮ್ಸ್ಲಿ ಎ. ಲೇನಿ ಹೈಸ್ಕೂಲು ಶುರುವಾದದ್ದು 1976ರಲ್ಲಿ. ಶಾಲೆಗೆ ಐವತ್ತು ದೊಡ್ಡ ವಯಸ್ಸೇನಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲೇ ನೂರು ದಾಟಿದ ಸರ್ಕಾರಿ ಶಾಲೆಗಳು ಬೇಕಾದಷ್ಟಿವೆ. ಆದರೆ 1978ರಲ್ಲಿ ಈ ಶಾಲೆಯ ಬ್ಯಾಸ್ಕೆಟ್‌ಬಾಲ್ ಕೋಚ್ ಗೋಡೆಗೆ ಅಂಟಿಸಿದ ಒಂದು ಹಾಳೆಯಷ್ಟು ಪ್ರಸಿದ್ಧವಾದ ಶಾಲಾ ನೋಟಿಸು ಪ್ರಪಂಚದಲ್ಲಿ ಇನ್ನೊಂದಿರಲಾರದು. ಆ ಹಾಳೆಯಲ್ಲಿ ಮೈಕಲ್ ಜೋರ್ಡನ್ ಎಂಬ ಹತ್ತನೇ ತರಗತಿಯ ಹುಡುಗನ ಹೆಸರಿರಲಿಲ್ಲ. ಮುಂದೆ ಅವನು ಯಾರಾದ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಅವನ ಹೆಸರಿದ್ದ ಇನ್ನೊಂದು ಪಟ್ಟಿಯ ಬಗ್ಗೆ, ಎಂದರೆ ಶಾಲೆಯ ಎರಡನೇ ತಂಡದ ಬಗ್ಗೆ. ಲೇನಿ ಶಾಲೆಯ ಆಟದ ಚರಿತ್ರೆಯಲ್ಲಿ ಅತಿ ಮುಖ್ಯವಾದ ಋತು ಆ ತಂಡದ್ದು ಎಂದು ನನ್ನ ಅಭಿಪ್ರಾಯ.

ಶಾಲೆಯ ಕಥೆಗಿಂತ ಮೊದಲು ಊರಿನ ಕಥೆ. ಕೇಪ್ ಫಿಯರ್ ನದಿಯ ದಡದ ಈ ಊರಿನಲ್ಲಿ 1898ರ ನವೆಂಬರ್‌ನಲ್ಲಿ ಶಸ್ತ್ರಸಜ್ಜಿತ ಬಿಳಿಯರ ಗುಂಪೊಂದು ಕರಿಯರ ಪತ್ರಿಕಾ ಕಚೇರಿಗೆ ಬೆಂಕಿಯಿಟ್ಟು, ಬೀದಿಗಳಲ್ಲಿ ಜನರನ್ನು ಕೊಂದು, ಚುನಾಯಿತ ನಗರ ಸರ್ಕಾರವನ್ನೇ ಕಿತ್ತೊಗೆಯಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಎಲ್ಲವೂ ಬೇರೆ ಬೇರೆ. ಬಿಳಿಯ ಮಕ್ಕಳಿಗೆ ನ್ಯೂ ಹ್ಯಾನೋವರ್ ಹೈಸ್ಕೂಲು, ಕರಿಯ ಮಕ್ಕಳಿಗೆ ವಿಲಿಸ್ಟನ್. ಅನುಕೂಲಗಳು ಕಡಿಮೆಯಿದ್ದರೂ ವಿಲಿಸ್ಟನ್ ಶಾಲೆಯನ್ನು ಕರಿಯ ಸಮುದಾಯ ಮನೆಯ ದೇವರಂತೆ ನೋಡಿಕೊಂಡಿತ್ತು. ವಿಂಬಲ್ಡನ್ ಗೆದ್ದ ಮೊದಲ ಕರಿಯ ಆಟಗಾರ್ತಿ ಆಲ್ತಿಯಾ ಗಿಬ್ಸನ್ ಅಲ್ಲಿ ಓದಿದವರು. ಊರಿನ ವೈದ್ಯ ಹ್ಯೂಬರ್ಟ್ ಈಟನ್ ಅವರ ಹಿತ್ತಿಲ ಟೆನಿಸ್ ಅಂಕಣದಲ್ಲಿ ಆಕೆಯ ಅಭ್ಯಾಸ ನಡೆಯುತ್ತಿತ್ತು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ನಗೆಗಾರ ಮೆಡೋಲಾರ್ಕ್ ಲೆಮನ್ ಕೂಡ ಆ ಶಾಲೆಯ ಹುಡುಗನೇ. ಬಟ್ಟೆ ನೇತುಹಾಕುವ ತಂತಿಯನ್ನು ಬಗ್ಗಿಸಿ ರಿಂಗ್ ಮಾಡಿ, ಈರುಳ್ಳಿ ಚೀಲವನ್ನು ಬಲೆಯಾಗಿ ಕಟ್ಟಿ, ಹಾಲಿನ ಖಾಲಿ ಡಬ್ಬಿಯನ್ನು ಚೆಂಡಾಗಿಸಿ ಬ್ಯಾಸ್ಕೆಟ್‌ಬಾಲ್ ಶುರುಮಾಡಿದೆ ಎಂದು ಲೆಮನ್ ಹೇಳುತ್ತಿದ್ದರು.

1968ರಲ್ಲಿ ವಿಲಿಸ್ಟನ್ ಹೈಸ್ಕೂಲನ್ನು ಮುಚ್ಚಿದರು. ಬಿಳಿಯರು ಕರಿಯರು ಒಟ್ಟಿಗೆ ಓದಬೇಕೆಂಬ ನ್ಯಾಯವಾದ ಬೇಡಿಕೆ ಈಡೇರಿತು ನಿಜ, ಆದರೆ ಮುಚ್ಚಿದ್ದು ಕರಿಯರ ಶಾಲೆಯನ್ನು. ಅಲ್ಲಿನ ಮಕ್ಕಳು ನ್ಯೂ ಹ್ಯಾನೋವರ್‌ಗೂ ಆಗಷ್ಟೇ ಕಟ್ಟಿದ್ದ ಹೊಗಾರ್ಡ್ ಹೈಸ್ಕೂಲಿಗೂ ಹಂಚಿಹೋದರು. ಚೀರ್‌ಲೀಡರ್ ಆಯ್ಕೆ, ವಿದ್ಯಾರ್ಥಿ ಸಂಘ, ಆಟದ ತಂಡ, ಎಲ್ಲದರಲ್ಲೂ ತಮಗೆ ಜಾಗವಿಲ್ಲವೆಂಬ ಸಿಟ್ಟು ಅವರಲ್ಲಿ ಬೆಳೆಯಿತು. 1971ರ ಫೆಬ್ರವರಿಯಲ್ಲಿ ಶಾಲಾ ಬಹಿಷ್ಕಾರ ಗಲಭೆಗೆ ತಿರುಗಿ, ಕಿರಾಣಿ ಅಂಗಡಿಯೊಂದು ಸುಟ್ಟು, ನ್ಯಾಷನಲ್ ಗಾರ್ಡ್ ಬೀದಿಗಿಳಿಯಿತು. ಆ ಪ್ರಕರಣದಲ್ಲಿ ಹತ್ತು ಜನರಿಗೆ ಒಟ್ಟು 282 ವರ್ಷಗಳ ಸೆರೆವಾಸ ವಿಧಿಸಲಾಯಿತು. ‘ವಿಲ್ಮಿಂಗ್ಟನ್ ಟೆನ್’ ಎಂದು ಹೆಸರಾದ ಆ ಹತ್ತು ಜನರ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದುಮಾಡಿದ್ದು 1980ರ ಡಿಸೆಂಬರ್‌ನಲ್ಲಿ. ಜೋರ್ಡನ್ ಆಗ ಲೇನಿ ತಂಡದಲ್ಲಿ ತನ್ನ ಕೊನೆಯ ಶಾಲಾ ಋತುವನ್ನು ಆಡುತ್ತಿದ್ದ.

ಹೀಗೆ ಗಾಯ ಆರದ ಊರಿನ ಉತ್ತರದಂಚಿಗೆ, ಕಾಲೇಜ್ ರಸ್ತೆಯ ಬದಿಯಲ್ಲಿ, ಮೂರನೆಯ ಹೈಸ್ಕೂಲಾಗಿ ಬಂದದ್ದು ಲೇನಿ. ಕರಿಯರದ್ದೆಂದೋ ಬಿಳಿಯರದ್ದೆಂದೋ ಕರೆಸಿಕೊಳ್ಳುವ ಭೂತಕಾಲ ಅದಕ್ಕಿರಲಿಲ್ಲ. ಬಣ್ಣ ನೀಲಿ ಮತ್ತು ಬಂಗಾರ, ತಂಡದ ಹೆಸರು ಬಕನಿಯರ್ಸ್, ಎಂದರೆ ಕಡಲ್ಗಳ್ಳರು. ಟ್ರೋಫಿ ಕಪಾಟು ಮಾತ್ರ ಖಾಲಿ. ಪಕ್ಕದ ನ್ಯೂ ಹ್ಯಾನೋವರ್‌ನಲ್ಲೋ ಲಿಯಾನ್ ಬ್ರಾಗ್ಡನ್ ಎಂಬ ಕೋಚ್ ದಶಕಗಳ ಕಾಲ ಪ್ರಶಸ್ತಿಗಳ ರಾಶಿ ಹಾಕಿದ್ದರು; ಅವರ ಹೆಸರಿನದೇ ದೊಡ್ಡ ಒಳಾಂಗಣ ಅಲ್ಲಿತ್ತು. ಬ್ರಾಗ್ಡನ್ ಗರಡಿಯಲ್ಲಿ ಆಡಿ ಬೆಳೆದ ಕ್ಲಿಫ್ಟನ್ ಹೆರಿಂಗ್ ಎಂಬ ಕರಿಯ ತರುಣ ಲೇನಿಯ ಕೋಚ್ ಆಗಿ ಬಂದರು. ಎಲ್ಲರ ಬಾಯಲ್ಲೂ ‘ಪಾಪ್’ ಹೆರಿಂಗ್. ವಯಸ್ಸು ಇನ್ನೂ ಮೂವತ್ತರ ಒಳಗೆ. ಕೆಲವೇ ವರ್ಷಗಳ ಹಿಂದೆ ಬಂದೂಕು ಹಿಡಿದ ಸೈನಿಕರು ಓಡಾಡಿದ್ದ ಊರಿನಲ್ಲಿ, ಬಿಳಿಯರೂ ಕರಿಯರೂ ಕೂಡಿದ ತಂಡಕ್ಕೆ ಅಂಥವನೊಬ್ಬ ಮುಖ್ಯ ಕೋಚ್ ಆಗುವುದು ಸಣ್ಣ ಮಾತಾಗಿರಲಿಲ್ಲ. ಜೋರ್ಡನ್ ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ.

ಇಲ್ಲಿ ಅಮೆರಿಕದ ಶಾಲಾ ತಂಡಗಳ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಜೋನಲ್ ಮ್ಯಾಚಿಗೆ ಪಿ.ಟಿ. ಮಾಸ್ತರು ಹನ್ನೆರಡು ಹುಡುಗರ ಹೆಸರು ಓದಿದರೆ ಆಯ್ಕೆ ಮುಗಿಯಿತು. ಹೆಸರು ಬಾರದವನು ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತಾನೆ. ಅವನ ಆಟ ಬಹುಪಾಲು ಅಲ್ಲಿಗೇ ಮುಕ್ತಾಯ. ಅಮೆರಿಕದ ಹೈಸ್ಕೂಲಿನಲ್ಲಿ ಮೊದಲ ತಂಡವನ್ನು ವಾರ್ಸಿಟಿ ಎನ್ನುತ್ತಾರೆ. ಹೆಚ್ಚಾಗಿ ಹನ್ನೊಂದು, ಹನ್ನೆರಡನೇ ತರಗತಿಯವರು ಅದರಲ್ಲಿರುತ್ತಾರೆ. ಅದರ ಕೆಳಗೆ ಜೂನಿಯರ್ ವಾರ್ಸಿಟಿ, ಬಳಕೆಯಲ್ಲಿ ಜೆ.ವಿ. ಇಂಡಿಯಾನಾ, ಒಹಾಯೋ ಕಡೆ ಇದನ್ನೇ ರಿಸರ್ವ್ ತಂಡ ಎನ್ನುವುದುಂಟು. ಬೆಂಚಿನ ಮೇಲೆ ಟವೆಲು ಹಿಡಿದು ಕೂರುವ ಬದಲಿ ಆಟಗಾರರ ಗುಂಪಲ್ಲ ಇದು. ಇದಕ್ಕೆ ತನ್ನದೇ ಕೋಚ್, ತನ್ನದೇ ವೇಳಾಪಟ್ಟಿ, ತನ್ನದೇ ಸೋಲು ಗೆಲುವು. ಎದುರಾಳಿ ಶಾಲೆಯ ಜೆ.ವಿ. ತಂಡದ ಜೊತೆ ಪಂದ್ಯ. ಅದೇ ಸಂಜೆ, ಅದೇ ಅಂಕಣ, ದೊಡ್ಡವರ ಪಂದ್ಯಕ್ಕಿಂತ ಮೊದಲು. ಜನ ಇನ್ನೂ ಟಿಕೆಟ್ ಕೊಂಡು ಒಳಗೆ ಬರುತ್ತಿರುವಾಗ, ಅರ್ಧ ಖಾಲಿ ಗ್ಯಾಲರಿಯೆದುರು ಇವರ ಆಟ ನಡೆದುಹೋಗುತ್ತದೆ. ಪತ್ರಿಕೆಯ ಮೂಲೆಯಲ್ಲಿ ಸ್ಕೋರು ಬಂದರೆ ಅದೇ ಹೆಚ್ಚು.

ಜೋರ್ಡನ್ 1978ರ ಶರತ್ಕಾಲದಲ್ಲಿ ಜೂನಿಯರ್ ಹೈಸ್ಕೂಲು ಮುಗಿಸಿ ಲೇನಿಗೆ ಬಂದ. ತಂದೆ ಜೇಮ್ಸ್ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ, ತಾಯಿ ಡಿಲೋರಿಸ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಮನೆಯ ಹಿತ್ತಿಲಲ್ಲಿ ಅಪ್ಪ ಮಾಡಿಕೊಟ್ಟ ಅಂಕಣದಲ್ಲಿ ಅಣ್ಣ ಲ್ಯಾರಿಯ ಜೊತೆ ದಿನವೂ ಜಟಾಪಟಿ. ಬಹಳ ದಿನ ಗೆಲ್ಲುತ್ತಿದ್ದವನು ಅಣ್ಣನೇ. ಆಗ ಜೋರ್ಡನ್‌ನ ಎತ್ತರ ಐದಡಿ ಹತ್ತಿಂಚು. ಚೆಂಡಿನ ಜೊತೆ ಚುರುಕು, ಗುರಿ ಅಷ್ಟೇನೂ ನಂಬಿಕಸ್ಥವಲ್ಲ. ಅಂಥ ಹತ್ತನೇ ತರಗತಿಯ ಹುಡುಗ ಜೆ.ವಿ.ಗೆ ಹೋಗುವುದು ವಾಡಿಕೆ. ಹೆರಿಂಗ್ ಬಳಿ ಆ ಜಾಗಕ್ಕೆ, ಎಂದರೆ ಬುಟ್ಟಿಯಿಂದ ದೂರ ನಿಂತು ಆಡುವ ಗಾರ್ಡ್ ಸ್ಥಾನಕ್ಕೆ, ಅನುಭವವಿದ್ದ ಹಿರಿಯರಿದ್ದರು. ಇಲ್ಲದಿದ್ದದ್ದು ಎತ್ತರದ ಹುಡುಗ. ಅದಕ್ಕೇ ಹತ್ತನೇ ತರಗತಿಯಿಂದ ಆರೂವರೆ ಅಡಿಯ ಹಾರ್ವೆಸ್ಟ್ ಲಿರಾಯ್ ಸ್ಮಿತ್‌ನನ್ನು ಮೇಲಕ್ಕೆ ತೆಗೆದುಕೊಂಡರು. ಜೋರ್ಡನ್‌ಗೆ ಉರಿದದ್ದು ಅಲ್ಲಿ. ಸ್ಮಿತ್ ಅವನ ಗೆಳೆಯ, ಒಂದೇ ತರಗತಿ, ಆಟದಲ್ಲಿ ತನಗಿಂತ ಮೇಲೇನಲ್ಲ ಎಂಬುದು ಇಬ್ಬರಿಗೂ ಗೊತ್ತು. ಆವತ್ತು ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ ಎಂದು ಜೋರ್ಡನ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ಅಳುವನ್ನು ಅನುಮಾನಿಸಬೇಕಾಗಿಲ್ಲ. ಹದಿನೈದರ ಹುಡುಗನಿಗೆ ತಂಡದ ವಾಡಿಕೆ, ಎತ್ತರದ ಲೆಕ್ಕಾಚಾರ ಯಾವ ಸಮಾಧಾನ ಕೊಟ್ಟೀತು?

ಲೆಕ್ಕಾಚಾರವಂತೂ ಸರಿಯಾಗಿಯೇ ಇತ್ತು. ಹೆರಿಂಗ್ ಮತ್ತು ಅವರ ಸಹಾಯಕ, ಜೆ.ವಿ. ಕೋಚ್ ಫ್ರೆಡ್ ಲಿಂಚ್ ಕೂಡಿ ಯೋಚಿಸಿದ್ದು ಇಷ್ಟು: ಮೇಲಿನ ತಂಡದಲ್ಲಿ ಈ ಹುಡುಗ ಕೂತು ಆಟ ನೋಡಬೇಕು, ಕೆಳಗಿನದರಲ್ಲಿ ಪೂರ್ತಿ ಆಡಬಹುದು. ಬೆಳೆಯುವವನಿಗೆ ಬೇಕಾದದ್ದು ಅಂಕಣದ ಮೇಲಿನ ನಿಮಿಷಗಳು. ಆಯ್ಕೆಗೆ ಕೂರುವ ನಮ್ಮ ಎಷ್ಟೋ ಮಂದಿಗೆ ಈ ಸರಳ ವಿಷಯ ಇನ್ನೂ ಹೊಳೆದಿಲ್ಲ. ರಾಜ್ಯ ತಂಡದ ಜರ್ಸಿ ಕೊಟ್ಟು, ಇಡೀ ಪಂದ್ಯಾವಳಿ ಬೆಂಚಿನಲ್ಲಿ ಕೂರಿಸಿ, ಒಂದು ಪ್ರಮಾಣಪತ್ರ ಕೈಗಿಟ್ಟು ಕಳಿಸುತ್ತೇವೆ.

ಆ ಚಳಿಗಾಲದಲ್ಲಿ ಜೋರ್ಡನ್ ಲೇನಿಯ ಜೆ.ವಿ. ತಂಡದಲ್ಲಿ ಆಡಿದ ರೀತಿ ಬೇಗನೆ ಊರಿನ ಮಾತಾಯಿತು. ಕೆಲವು ಪಂದ್ಯಗಳಲ್ಲಿ ಒಬ್ಬನೇ ನಲವತ್ತಕ್ಕೂ ಹೆಚ್ಚು ಪಾಯಿಂಟ್ ಗಳಿಸಿದ. ಈ ಸಂಖ್ಯೆಯನ್ನು ಇಂದಿನ ಕಣ್ಣಿನಿಂದ ನೋಡಬಾರದು. ಹೈಸ್ಕೂಲಿನ ವಾರ್ಸಿಟಿ ಪಂದ್ಯವೇ ಎಂಟೆಂಟು ನಿಮಿಷದ ನಾಲ್ಕು ಭಾಗ, ಒಟ್ಟು 32 ನಿಮಿಷ, ಜೆ.ವಿ. ಪಂದ್ಯ ಎಷ್ಟೋ ಕಡೆ ಅದಕ್ಕಿಂತ ಚಿಕ್ಕದು. ಮೂರು ಪಾಯಿಂಟಿನ ಗೆರೆ ಅಮೆರಿಕದ ಹೈಸ್ಕೂಲು ಅಂಕಣಗಳಿಗೆ ಬಂದದ್ದು 1987ರಲ್ಲಿ. ಆದ್ದರಿಂದ ಅವನ ನಲವತ್ತು ಪಾಯಿಂಟುಗಳಲ್ಲಿ ಪ್ರತಿಯೊಂದು ಬುಟ್ಟಿಗೂ ಎರಡೇ, ಫ್ರೀ ಥ್ರೋಗೆ ಒಂದೇ. ಇಂತಿಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಶಾಟ್ ಕ್ಲಾಕ್ ಕೂಡ ಇರಲಿಲ್ಲ. ಮುನ್ನಡೆಯಲ್ಲಿರುವ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ನಿಮಿಷಗಟ್ಟಲೆ ಕಾಲ ಕಳೆಯಬಹುದಿತ್ತು.

ಎಷ್ಟು ಕಳೆಯಬಹುದಿತ್ತು ಎಂಬುದಕ್ಕೆ ಅದೇ ಋತುವಿನ, ಅದೇ ರಾಜ್ಯದ ಒಂದು ಉದಾಹರಣೆ ಇದೆ. 1979ರ ಫೆಬ್ರವರಿ 24ರಂದು ಡರಮ್ ನಗರದಲ್ಲಿ ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ನಡುವೆ ಪಂದ್ಯ. ಕೋಚ್ ಡೀನ್ ಸ್ಮಿತ್ ಅವರ ನಾರ್ತ್ ಕ್ಯಾರೊಲೈನಾ ತಂಡ ಮೊದಲ ಅರ್ಧದುದ್ದಕ್ಕೂ ಚೆಂಡು ಹಿಡಿದು ನಿಧಾನಿಸಿತು. ವಿರಾಮದ ಹೊತ್ತಿಗೆ ಸ್ಕೋರು ಡ್ಯೂಕ್ 7, ನಾರ್ತ್ ಕ್ಯಾರೊಲೈನಾ ಸೊನ್ನೆ. ಕೊನೆಗೆ 47–40ರಲ್ಲಿ ಡ್ಯೂಕ್ ಗೆದ್ದಿತು. ದೇಶದ ಅತ್ಯುತ್ತಮ ಕಾಲೇಜು ತಂಡಗಳಲ್ಲೊಂದು ಇಡೀ ಪಂದ್ಯದಲ್ಲಿ ಕೂಡಿಸಿದ್ದು ನಲವತ್ತು. ಆ ಋತುವಿನಲ್ಲಿ ವಿಲ್ಮಿಂಗ್ಟನ್‌ನ ಒಂದು ಎರಡನೇ ತಂಡದ ಹುಡುಗ ಅಷ್ಟನ್ನು ಒಬ್ಬನೇ ಹೊಡೆಯುತ್ತಿದ್ದ. ಎದುರಾಳಿಗಳ ಮಟ್ಟ ಬೇರೆ, ಒಪ್ಪೋಣ. ಎರಡೂವರೆ ವರ್ಷದ ನಂತರ ಡೀನ್ ಸ್ಮಿತ್ ಅವರ ತಂಡಕ್ಕೇ ಅವನು ಸೇರಿದ ಎಂಬುದನ್ನು ಮಾತ್ರ ನೆನಪಿಡಬೇಕು.

ಜೆ.ವಿ. ಪಂದ್ಯಕ್ಕೆ ಜನ ಮುಂಚೆಯೇ ಬರತೊಡಗಿದರು. ತಮ್ಮ ಪಂದ್ಯಕ್ಕೆ ಇನ್ನೂ ಹೊತ್ತಿರುವಾಗಲೇ ವಾರ್ಸಿಟಿಯ ಹಿರಿಯ ಹುಡುಗರೂ ಬಂದು ಗ್ಯಾಲರಿಯಲ್ಲಿ ಕೂರುತ್ತಿದ್ದರು. ಮೊದಲ ತಂಡದವರು ಎರಡನೇ ತಂಡದ ಆಟ ನೋಡಲು ಬರುವುದು ಯಾವ ಶಾಲೆಯಲ್ಲೂ ಅಪರೂಪ. ಹೆರಿಂಗ್ ಅವರನ್ನು ಕೇಳಬಹುದಾದ ಪ್ರಶ್ನೆಯೊಂದಿದ್ದರೆ ಅದು ಋತುವಿನ ನಡುವೆ ಜೋರ್ಡನ್‌ನನ್ನು ಮೇಲಕ್ಕೆ ಏಕೆ ಎಳೆದುಕೊಳ್ಳಲಿಲ್ಲ ಎಂಬುದರ ಬಗ್ಗೆ. ನವೆಂಬರ್‌ನ ಪಟ್ಟಿಯ ಬಗ್ಗೆ ಅಲ್ಲ.

ಋತುವಿನ ಕೊನೆಗೆ ವಾರ್ಸಿಟಿ ತಂಡ ಜಿಲ್ಲಾ ಪಂದ್ಯಾವಳಿಗೆ ಹೊರಟಿತು. ಜೋರ್ಡನ್ ತಾನೂ ಬಸ್ಸಿನಲ್ಲಿ ಬರುತ್ತೇನೆಂದು ಕೇಳಿದ. ಹಿರಿಯ ಆಟಗಾರರ ಬಟ್ಟೆಯ ಗಂಟು ಹೊತ್ತುಕೊಂಡೇ ಅವನಿಗೆ ಒಳಗೆ ಹೋಗಲು ಸಾಧ್ಯವಾಯಿತು. ಇದನ್ನೂ ಜೋರ್ಡನ್ ಅವರೇ ಹೇಳಿಕೊಂಡದ್ದು. ಮಗ ಬಟ್ಟೆ ಹೊರುವುದನ್ನು ಕಂಡು ಅವನಿಗೂ ತಂಡದಲ್ಲಿ ಜಾಗ ಸಿಕ್ಕಿದೆಯೆಂದು ಅಪ್ಪ ಅಮ್ಮ ಭಾವಿಸಿಯಾರು ಎಂಬುದೇ ಅವನಿಗೆ ಹೆಚ್ಚು ನೋವು ಕೊಟ್ಟಿತಂತೆ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಅವು ಎಲ್ಲ ಕಡೆ ಅಚ್ಚಾಗಿವೆ. ಹನ್ನೊಂದನೇ ತರಗತಿಗೆ ಬರುವ ಹೊತ್ತಿಗೆ ಹುಡುಗ ಆರಡಿ ಮೂರಿಂಚಿಗೆ ಚಿಮ್ಮಿದ್ದ. ಅಣ್ಣನ ಅಂಗಿಯ ಸಂಖ್ಯೆ 45. ಅದರಲ್ಲಿ ಅರ್ಧದಷ್ಟಾದರೂ ಆಡಬಲ್ಲೆನೆಂದು ಅರ್ಧಮಾಡಿ, ಮಿಕ್ಕ ಚೂರನ್ನು ಮೇಲಕ್ಕೆ ಹಾಕಿ, 23 ಅನ್ನು ತನ್ನದಾಗಿಸಿಕೊಂಡ. ಹೆರಿಂಗ್ ಬೆಳಗಾಗುವ ಮೊದಲೇ ಅವನ ಮನೆಗೆ ಹೋಗಿ, ಅವನನ್ನು ಕಾರಿನಲ್ಲಿ ಕರೆತಂದು, ಶಾಲೆಯ ಗಂಟೆಗೆ ಮುಂಚೆ ಅಭ್ಯಾಸ ಮಾಡಿಸುತ್ತಿದ್ದರು. ಎತ್ತರ ಬಂದ ಮೇಲೆ ಬುಟ್ಟಿಯ ಕೆಳಗೆ ನಿಲ್ಲಿಸಿದ್ದರೆ ಶಾಲೆಗೆ ಇನ್ನಷ್ಟು ಗೆಲುವು ಬರುತ್ತಿತ್ತೇನೋ. ಆದರೆ ಕಾಲೇಜಿನಲ್ಲಿ ಈ ಎತ್ತರದವನು ಗಾರ್ಡ್ ಆಗಿಯೇ ಆಡಬೇಕಾಗುತ್ತದೆಂದು ಎಣಿಸಿ ಹೆರಿಂಗ್ ಅವನನ್ನು ಹೊರಗಡೆಯೇ ಆಡಿಸಿದರು. ಕೋಚ್ ತನ್ನ ಟ್ರೋಫಿಗಿಂತ ಹುಡುಗನ ಭವಿಷ್ಯವನ್ನು ಮುಂದಿಟ್ಟ ಇಂಥ ನಿರ್ಧಾರ ಶಾಲಾ ಚರಿತ್ರೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೆ ವಿಲ್ಮಿಂಗ್ಟನ್ ಕಡೆಯಿಂದಲೇ ಸುದ್ದಿ ಹೋಯಿತು. 1980ರ ಬೇಸಿಗೆಯಲ್ಲಿ ಪಿಟ್ಸ್‌ಬರ್ಗ್ ಕಡೆಯ ಫೈವ್ ಸ್ಟಾರ್ ಶಿಬಿರದಲ್ಲಿ ಆಡಿದ ಮೇಲೆ ಇಡೀ ದೇಶಕ್ಕೆ ಗುಟ್ಟು ರಟ್ಟಾಯಿತು.

ಕೊನೆಯ ವರ್ಷ, 1980–81ರಲ್ಲಿ, ಪಂದ್ಯಕ್ಕೆ ಸರಾಸರಿ 26.8 ಪಾಯಿಂಟ್, 11.6 ರಿಬೌಂಡ್. ಆದರೂ ಲೇನಿ ರಾಜ್ಯ ಪ್ರಶಸ್ತಿ ಗೆಲ್ಲಲಿಲ್ಲ. ಪಂದ್ಯಾವಳಿಯಲ್ಲಿ ಅವರನ್ನು ಮನೆಗೆ ಕಳಿಸಿದ್ದು ಅದೇ ಹಳೆಯ ನ್ಯೂ ಹ್ಯಾನೋವರ್ ಹೈಸ್ಕೂಲು. ಮುಂದೆ ಎನ್‌ಬಿಎಯಲ್ಲಿ ಆಡಿದ ಕೆನ್ನಿ ಗ್ಯಾಟಿಸನ್ ಆ ತಂಡದಲ್ಲಿದ್ದರು. ಜಗತ್ತಿನ ಶ್ರೇಷ್ಠ ಆಟಗಾರನನ್ನು ಬೆಳೆಸಿದ ಶಾಲೆ ಅವನಿದ್ದಾಗ ರಾಜ್ಯ ಕಪ್ಪು ಎತ್ತಲಿಲ್ಲ ಎಂಬುದನ್ನು ಅಭಿನಂದನಾ ಲೇಖನಗಳು ಮೆಲ್ಲಗೆ ದಾಟಿಹೋಗುತ್ತವೆ. 1982ರ ಮಾರ್ಚ್‌ನಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ನಾರ್ತ್ ಕ್ಯಾರೊಲೈನಾ ತಂಡಕ್ಕೆ ಜಾರ್ಜ್‌ಟೌನ್ ವಿರುದ್ಧ ರಾಷ್ಟ್ರೀಯ ಕಾಲೇಜು ಫೈನಲ್. ಕೊನೆಯ ಕ್ಷಣಗಳಲ್ಲಿ ಎಡಬದಿಯಿಂದ ಚೆಂಡೆಸೆದು 63–62ರ ಗೆಲುವು ತಂದುಕೊಟ್ಟಾಗ ಜೋರ್ಡನ್ ಪ್ರಥಮ ವರ್ಷದ ವಿದ್ಯಾರ್ಥಿ. ಜೆ.ವಿ. ಋತು ಮುಗಿದು ಮೂರು ವರ್ಷವಾಗಿತ್ತು, ಅಷ್ಟೇ.

ಪಟ್ಟಿಯ ಕಥೆ ಆಮೇಲೆ ತನ್ನಷ್ಟಕ್ಕೆ ಬೆಳೆಯಿತು. ಜೆ.ವಿ.ಗೆ ಹಾಕಿದರು ಎಂಬುದು ತಂಡದಿಂದಲೇ ಹೊರಹಾಕಿದರು ಎಂದಾಯಿತು. ಜಾಹೀರಾತು, ಶಾಲೆಯ ಗೋಡೆಯ ಭಿತ್ತಿಚಿತ್ರ, ವ್ಯಕ್ತಿತ್ವ ವಿಕಸನದ ಭಾಷಣ, ಎಲ್ಲ ಕಡೆಯೂ ಅದೇ. ನಮ್ಮ ಕಾಲೇಜುಗಳ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಗಳಿಂದಲೂ ನಾವು ಇದನ್ನು ಕೇಳಿದ್ದೇವೆ. ಎರಡನೇ ತಂಡವನ್ನು ಕಥೆಯಿಂದ ತೆಗೆದುಬಿಟ್ಟರೆ ಹುಡುಗ ಇನ್ನಷ್ಟು ಒಂಟಿ, ಕೋಚ್ ಇನ್ನಷ್ಟು ಕುರುಡ, ಗೆಲುವು ಇನ್ನಷ್ಟು ದೊಡ್ಡದು. ಭಾಷಣಕ್ಕೆ ಬೇಕಾದ್ದೂ ಅಷ್ಟೇ. ಲಿಂಚ್ ಆಡಿಸಿದ ಪಂದ್ಯಗಳು, ಜೊತೆಗೆ ಆಡಿದ ಹುಡುಗರು, ಮುಂಚೆ ಬಂದು ಕೂತ ಊರವರು ಇವರೆಲ್ಲ ಕಥೆಯಿಂದ ಮಾಯ. ಇದರಲ್ಲಿ ಜೋರ್ಡನ್ ಅವರ ಪಾಲೂ ಇದೆ. ಆ ಗಾಯವನ್ನು ಅವರು ಬೇಕೆಂದೇ ಹಸಿಯಾಗಿ ಉಳಿಸಿಕೊಂಡರು. ದಣಿದಾಗಲೆಲ್ಲ ಆ ಪಟ್ಟಿಯನ್ನು ನೆನೆಸಿಕೊಳ್ಳುತ್ತಿದ್ದೆ ಎಂದಿದ್ದಾರೆ. ಹೋಟೆಲಿನಲ್ಲಿ ಕೋಣೆ ಹಿಡಿಯುವಾಗ ಸುಳ್ಳು ಹೆಸರು ಬೇಕಾದರೆ ಲಿರಾಯ್ ಸ್ಮಿತ್ ಎಂದು ಬರೆಸುತ್ತಿದ್ದರಂತೆ. 2009ರ ಸೆಪ್ಟೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ತಮ್ಮನ್ನು ಸೇರಿಸಿದ ಸಮಾರಂಭಕ್ಕೆ ಸ್ಮಿತ್ ಅವರನ್ನು ಕರೆಸಿ, ತುಂಬಿದ ಸಭೆಯೆದುರು ಅವರನ್ನು ತೋರಿಸಿ, ಅವರನ್ನು ಆರಿಸಿದ ಕೋಚ್‌ಗೆ ನೀವು ತಪ್ಪು ಮಾಡಿದಿರಿ ಎಂಬ ಸಂದೇಶ ಕೊಟ್ಟರು. ಸಭೆ ನಕ್ಕಿತು. ಸ್ಮಿತ್ ಅವರೂ ಸಾಮಾನ್ಯ ಆಟಗಾರರೇನಲ್ಲ. ಯುಎನ್‌ಸಿ ಶಾರ್ಲಟ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದವರು.

ಆ ನಗೆಯ ಬೆಲೆ ಕೊಟ್ಟವರು ಹೆರಿಂಗ್. ಮಾನಸಿಕ ಕಾಯಿಲೆ ಅವರ ಕೋಚ್ ವೃತ್ತಿಯನ್ನು ಬಹಳ ಬೇಗನೆ ಮೊಟಕುಗೊಳಿಸಿತ್ತು. ಅದೇ ಊರಿನಲ್ಲಿ ಬಡತನದಲ್ಲಿ ಬದುಕಿದರು. ಜಗತ್ತಿನ ಪಾಲಿಗೆ ಅವರು ಜೋರ್ಡನ್‌ನನ್ನು ಹೊರಗಟ್ಟಿದ ಪೆದ್ದ ಮಾತ್ರ. 2012ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಅವರನ್ನು ಹುಡುಕಿ ಹೋಗಿ ದೀರ್ಘ ಲೇಖನ ಪ್ರಕಟಿಸಿದ ಮೇಲೆ, ಹಾಗೆ ಹೊರಗಟ್ಟಿರಲೇ ಇಲ್ಲ ಎಂಬುದು ಹಲವರಿಗೆ ತಿಳಿಯಿತು. ಹೆರಿಂಗ್ 2019ರಲ್ಲಿ ತೀರಿಕೊಂಡರು. ಶಾಲೆಯ ಒಳಾಂಗಣಕ್ಕೆ ಈಗ ಜೋರ್ಡನ್ ಹೆಸರಿದೆ. ಸರಿಯೇ. ಆ ಒಳಾಂಗಣದಲ್ಲಿ ನಸುಕಿನ ದೀಪ ಹಚ್ಚುತ್ತಿದ್ದವರ ಹೆಸರನ್ನು ಚರಿತ್ರೆ ಬರೆಯುವವರಾದರೂ ಅದರ ಪಕ್ಕದಲ್ಲಿಡಬೇಕು.

ಫ್ರೆಡ್ ಲಿಂಚ್ ಲೇನಿಯಲ್ಲೇ ಉಳಿದರು. ಮುಂದೆ ಬಹುಕಾಲ ವಾರ್ಸಿಟಿ ತಂಡದ ಮುಖ್ಯ ಕೋಚ್ ಆಗಿದ್ದರು. ಎಂದರೆ ಪ್ರತಿ ನವೆಂಬರ್‌ನಲ್ಲಿ ಪಟ್ಟಿ ಮಾಡುವ ಕೆಲಸ ಅವರ ಪಾಲಿಗೇ ಬಂತು, ಅದೂ ಈ ಶಾಲೆಯಲ್ಲಿ. ಜೆ.ವಿ.ಗೆ ಹಾಕಿದ ಪ್ರತಿ ಹುಡುಗನ ಅಪ್ಪನೂ ಮರುದಿನ ಬಂದು ಯಾವ ಹೆಸರೆತ್ತಿ ವಾದ ಮಾಡಿರಬಹುದೆಂದು ಊಹಿಸುವುದು ಕಷ್ಟವಲ್ಲ.